ಒಂಬತ್ತು ಮಿಲಿಮೀಟರ್ ಕುಗ್ಗಿದ ಅಜ್ಜಿ

ಅಮೃತಹಳ್ಳಿಯಲ್ಲಿ ಸೊಣ್ಣಪ್ಪ ಎಂದು ಕೇಳಿದರೆ ನಾಲ್ಕು ಜನ ಸಿಗುತ್ತಾರೆ. ಬುರುಡೆ ಸೊಣ್ಣಪ್ಪ ಎಂದರೆ ಒಬ್ಬನೇ. ಅಡ್ಡಹೆಸರು ಕೇಳಿ ಇವನೊಬ್ಬ ಸುಳ್ಳುಗಾರ ಇರಬೇಕೆಂದುಕೊಂಡವರು ಅವನ ಜೊತೆ ಒಂದು ದಿನವೂ ಕೂತು ಮಾತಾಡಿದವರಲ್ಲ. ಅವನ ಹೊಟ್ಟೆಪಾಡೇ ಬುರುಡೆ. ಅಬ್ಬಿಗೆರೆಯ ಒಂದು ಶೀಟಿನ ಶೆಡ್ಡಿನಲ್ಲಿ ಕೂತು, ಲಕ್ಷಾಂತರ ವರ್ಷಗಳ ಹಿಂದೆ ಸತ್ತು ಕಲ್ಲಾಗಿ ಹೋದವರ ತಲೆಬುರುಡೆಗಳಿಗೆ ನಕಲು ತೆಗೆಯುತ್ತಿದ್ದ. ಕಾಲೇಜಿನ ಗಾಜಿನ ಬೀರುವಿನೊಳಗೆ ಹಲ್ಲು ಕಿರಿದುಕೊಂಡು ಕೂತಿರುತ್ತವಲ್ಲ, ಮಕ್ಕಳು ಬಂದು ಚಿತ್ರ ಬರೆದುಕೊಂಡು ಹೋಗುತ್ತಾರಲ್ಲ, ಅವುಗಳಲ್ಲಿ ಎಷ್ಟೋ ಅವನ ಕೈಯಿಂದ ಹೊರಟವು.

ಹರೆಯದಲ್ಲಿ ಅವನು ದೊಡ್ಡವರ ಮನೆಗಳ ಸೂರಿಗೆ ಪ್ಲಾಸ್ಟರಿನ ಹೂಬಳ್ಳಿ ಕೂರಿಸುವ ಕೆಲಸ ಮಾಡುತ್ತಿದ್ದ. ಅಂಥ ಒಂದು ಮನೆಯಲ್ಲಿ ಅವನನ್ನು ಕಂಡವರು ವಿಶ್ವನಾಥ ಮೇಷ್ಟರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಅರ್ಧ ಗಂಟೆ ತಲೆಯೆತ್ತಿ ನಿಂತು ನೋಡಿ, "ನಿನ್ನ ಕೈಯಾಗ ಅಳತಿ ಅದ ನೋಡಪಾ. ಹೂವು ಬಿಡು, ನನ್ನ ಕೂಡ ಬಾ" ಎಂದು ಕರೆದುಕೊಂಡು ಹೋದರು. ಹೋದವನು ಮೂವತ್ತು ವರ್ಷ ಹಿಂದಿರುಗಿ ನೋಡಲಿಲ್ಲ. ಹೆಂಡತಿ ಗೋಪಾಲಮ್ಮ ಮೊದಲ ವರ್ಷವೆಲ್ಲ ಬಾಗಿಲಲ್ಲೇ ಚೊಂಬು ನೀರು ಇಟ್ಟುಕೊಂಡು ಕಾಯುತ್ತಿದ್ದಳು, ಸತ್ತವರ ತಲೆ ಮುಟ್ಟಿ ಬಂದವನು ಕೈಕಾಲು ತೊಳೆಯದೆ ಒಳಗೆ ಬರಬಾರದೆಂದು. ಅದು ಬರೀ ಫೈಬರ್ ಕಣೇ ಎಂದು ತಿಳಿಹೇಳುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು.

ಮೇಷ್ಟರು ವಿದೇಶದಿಂದ ಹನ್ನೆರಡು ಬುರುಡೆ ತರಿಸಿದ್ದರು. ಅಸಲು ಕಲ್ಲುಬುರುಡೆಗಳ ಮೇಲೆಯೇ ನೇರವಾಗಿ ಅಚ್ಚು ತೆಗೆದು ಮಾಡಿದ ನಕಲುಗಳು ಅವು, ಒಂದು ಗೀರೂ ಬಿಡದೆ ಅಸಲಿನಂತೆಯೇ ಇದ್ದವು. ಶೆಡ್ಡಿನಲ್ಲಿ ಅವಕ್ಕೆ ತಾಯಿ ಎಂದು ಹೆಸರು. ತಾಯಿಯ ಮೇಲೆ ರಬ್ಬರು ಸುರಿದು ಅಚ್ಚು ತೆಗೆಯುವುದು, ಅಚ್ಚಿನೊಳಗೆ ರಾಳ ಹೊಯ್ದು ಪೀಸು ತೆಗೆಯುವುದು. ಒಂದು ಅಚ್ಚು ನಲವತ್ತು ಪೀಸಿಗೆ ಸುಸ್ತಾಗುತ್ತದೆ. ಹಲ್ಲಿನ ಸಂದಿಯಲ್ಲಿ ರಬ್ಬರು ಹರಿದುಹೋಗುತ್ತದೆ, ಅಂಚು ಮೊಂಡಾಗುತ್ತದೆ. ಆಗ ಅದನ್ನು ಬಿಸಾಕಿ ಮತ್ತೆ ತಾಯಿಯ ಹತ್ತಿರ ಹೋಗಬೇಕು. ತಾಯಿ ಇರುವ ತನಕ ಎಲ್ಲವೂ ಇದ್ದಂತೆ.

ಹನ್ನೆರಡರಲ್ಲಿ ಸೊಣ್ಣಪ್ಪನಿಗೆ ಪ್ರಾಣವಾಗಿದ್ದದ್ದು ಒಂದು. ಆಫ್ರಿಕಾದ ಯಾವುದೋ ಗುಹೆಯಲ್ಲಿ ಸಿಕ್ಕ ಹೆಣ್ಣಿನ ಬುರುಡೆ, ಇಪ್ಪತ್ತು ಲಕ್ಷ ವರ್ಷದ್ದು. ಅದನ್ನು ಅವನು ಅಜ್ಜಿ ಎನ್ನುತ್ತಿದ್ದ. ಎಸ್ಸೆಸ್ಸೆಲ್ಸಿ ದಾಟದ ಮನುಷ್ಯ, ಅಜ್ಜಿಯ ಹುಬ್ಬಿನ ಏಣು ಎಲ್ಲಿ ಏಳುತ್ತದೆ, ಎಡಗಡೆ ದವಡೆಹಲ್ಲಿನ ತಲೆಯ ಮೇಲೆ ಎಷ್ಟು ಉಬ್ಬು, ಎಷ್ಟು ಗುಬುಟು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. "ನಾವ್ ಕಳ್ಸಿದ್ದ ನೋಡಿ ಮಕ್ಳು ಕಲೀತವೆ, ಒಂದ್ ಗೆರೆ ತಪ್ಪಿದ್ರೂ ತಪ್ಪು ಕಲ್ತಂಗೆ" ಎನ್ನುವುದು ಅವನ ಮಾತು. ಅವನಿಗೆ ಬೇರೆ ಹೆಮ್ಮೆ ಇರಲಿಲ್ಲ. ಮನೆ ಕಟ್ಟಿಸಲಿಲ್ಲ, ಊರಲ್ಲಿ ಮುಖಂಡ ಅನಿಸಿಕೊಳ್ಳಲಿಲ್ಲ. ತನ್ನ ಪೀಸು ಸರಿ ಇರುತ್ತದೆ ಎನ್ನುವ ಒಂದೇ ಒಂದು ಧೈರ್ಯದ ಮೇಲೆ ಬದುಕಿದ್ದ.

೨೦೧೦ರಲ್ಲಿ ಮೇಷ್ಟರು ತೀರಿಕೊಂಡರು. ಶೆಡ್ಡು ಮಗ ಕೀರ್ತಿಯ ಕೈಗೆ ಬಂತು. ಕೀರ್ತಿ ಕೆಟ್ಟವನಲ್ಲ, ಅವಸರದವನು. ಮರುವರ್ಷ ತಣಿಸಂದ್ರದಲ್ಲಿ ಹೊಸದಾಗಿ ಎದ್ದ ದೊಡ್ಡ ಶಾಲೆಯೊಂದು ಉದ್ಘಾಟನೆಗೆ ಹನ್ನೆರಡು ಬುರುಡೆ ಬೇಕು, ವಾರದೊಳಗೆ ಬೇಕು ಎಂದಿತು. ಸೋಮವಾರ ಸೊಣ್ಣಪ್ಪ ಬಂದು ನೋಡಿದರೆ ಒಳಗೋಡೆಯ ಹಲಗೆ ಖಾಲಿ.

"ತಾಯಿಗಳೆಲ್ಲಿ ಕೀರ್ತಿಯೋರೆ?"

"ಕೊಟ್ಬಿಟ್ಟೆ ಸೊಣ್ಣಪ್ಪ. ಟೈಮ್ ಇರ್ಲಿಲ್ಲ. ಅಚ್ಚು ಇದೆಯಲ್ಲ, ಇನ್ಯಾಕೆ ಅವು?"

"ಅಚ್ಚು ಎಷ್ಟ್ ದಿನ ಬತ್ತದೆ ಸ್ವಾಮಿ? ನಲವತ್ತು ಪೀಸು. ಆಮ್ಯಾಕೆ?"

"ಒಂದು ಒಳ್ಳೆ ಪೀಸ್ ಎತ್ತಿಟ್ಕೊಳ್ಳಿ. ಅದ್ರಿಂದಾನೇ ಅಚ್ಚು ತೆಗೀರಿ. ಎಲ್ಲಾ ಕಡೆ ಹಾಗೇ ಮಾಡೋದು."

ಇಲ್ಲಿ ನನಗೆ ಕೀರ್ತಿಗಿಂತ ಸೊಣ್ಣಪ್ಪನ ಮೇಲೆ ಹೆಚ್ಚು ಸಿಟ್ಟು. ಅವತ್ತೇ ಹಟ ಹಿಡಿದಿದ್ದರೆ, ತಣಿಸಂದ್ರಕ್ಕೆ ಹೋಗಿ ಕೂತಿದ್ದರೆ, ಬೇರೆ ಪೀಸು ಕೊಟ್ಟು ತಾಯಿಗಳನ್ನು ತರಬಹುದಿತ್ತು. ಯಜಮಾನರ ಮಗ ಹೇಳಿದ ಮೇಲೆ ಎದುರಾಡುವುದು ಹೇಗೆ ಎಂದು ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತ. ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ ಎಂದು ಅವನಿಗೆ ಯಾರು ಕಲಿಸಿದರೋ.

ನಕಲಿನಿಂದ ಅಚ್ಚು, ಆ ಅಚ್ಚಿನಿಂದ ನಕಲು, ಅದರಿಂದ ಮತ್ತೆ ಅಚ್ಚು. ರಾಳ ಒಣಗುವಾಗ ಒಂದು ಕೂದಲೆಳೆ ಕುಗ್ಗುತ್ತದೆ, ರಬ್ಬರೂ ಹಾಗೆಯೇ. ಪ್ರತಿ ಸಲ ಏಣುಗಳು ಇಷ್ಟಿಷ್ಟೇ ಮಂಕಾಗುತ್ತವೆ. ಮಂಕಾದದ್ದನ್ನು ಸೊಣ್ಣಪ್ಪ ಹಲ್ಲಿನ ಡಾಕ್ಟರ ಹಳೆಯ ಕೊಕ್ಕೆಕಡ್ಡಿ ಹಿಡಿದು ಕೆತ್ತಿ ಎಬ್ಬಿಸುತ್ತಿದ್ದ. ನೋಡಿ ಕೆತ್ತಲು ತಾಯಿ ಇಲ್ಲ, ನೆನಪಿನಿಂದಲೇ ಕೆತ್ತಬೇಕು. ಸರಿ ಇದೆಯೇ ಎಂದು ನೋಡಲು ಹಿಂದಿನ ಪೀಸಿನ ಪಕ್ಕದಲ್ಲಿ ಹೊಸ ಪೀಸು ಇಡುತ್ತಿದ್ದ. ಎರಡೂ ಒಂದೇ ಥರ ಕಾಣುತ್ತಿದ್ದವು. ದಿನವೂ ನೋಡುವ ಮಗು ಬೆಳೆದದ್ದು ಮನೆಯವರಿಗೆ ತಿಳಿಯುವುದಿಲ್ಲವಲ್ಲ, ಅಜ್ಜಿ ಕುಗ್ಗಿದ್ದೂ ಅವನಿಗೆ ಹಾಗೆಯೇ ತಿಳಿಯಲಿಲ್ಲ.

ತಿಳಿದದ್ದು ೨೦೧೬ರ ಆಗಸ್ಟಿನಲ್ಲಿ. ಯಲಹಂಕದ ಒಂದು ಕಾಲೇಜಿನಲ್ಲಿ ಮಾನವಶಾಸ್ತ್ರ ಕಲಿಸುವ ಪದ್ಮಶ್ರೀ ಎಂಬ ಮೇಡಂ ಕೈಚೀಲದಲ್ಲಿ ಅಜ್ಜಿಯನ್ನಿಟ್ಟುಕೊಂಡು ಶೆಡ್ಡಿಗೇ ಬಂದರು. ಅವರ ಕಾಲೇಜಿನಲ್ಲಿ ಮೇಷ್ಟರ ಕಾಲದ ಹಳೆಯ ಪೀಸು ಒಂದಿತ್ತು, ಕೈಜಾರಿ ಬಿದ್ದು ಚೂರಾಗಿತ್ತು. ಅದರ ಬದಲಿಗೆ ಹೊಸದು ತರಿಸಿ, ಮಕ್ಕಳ ಕೈಗೆ ಅಳತೆಯ ಕಡ್ಡಿ ಕೊಟ್ಟಿದ್ದರು.

"ಸೊಣ್ಣಪ್ಪನವ್ರೇ, ಬೈಯ್ಯೋಕೆ ಬಂದಿಲ್ಲ. ನಮ್ಮ ಹಳೇ ರೆಕಾರ್ಡ್ ಪುಸ್ತಕಗಳಲ್ಲಿ ಹಣೆಯಿಂದ ಹಿಂದಲೆವರೆಗೆ ಇರೋ ಅಳತೆಗೂ ಇದಕ್ಕೂ ಒಂಬತ್ತು ಮಿಲಿಮೀಟರ್ ವ್ಯತ್ಯಾಸ ಬರ್ತಾ ಇದೆ. ಮಕ್ಕಳು ತಪ್ಪು ಅಳೆದ್ರು ಅಂತ ನಾನು ಹತ್ತು ಜನಕ್ಕೆ ಮಾರ್ಕ್ಸ್ ಕಟ್ ಮಾಡ್ಬಿಟ್ಟಿದ್ದೆ. ಆಮೇಲೆ ನಾನೇ ಅಳೆದು ನೋಡ್ದೆ."

ಸೊಣ್ಣಪ್ಪ ಅವರು ತಂದಿದ್ದ ಅಳತೆಯ ಕಡ್ಡಿ ಇಸಿದುಕೊಂಡು ತಾನೂ ಅಳೆದ. ಮೂರು ಸಲ ಅಳೆದ. ಮೇಡಂ ದವಡೆಯ ಕಡೆ ಬೆರಳು ತೋರಿಸಿ, ಈ ಹಲ್ಲಿನಲ್ಲಿ ಒಂದು ಗುಬುಟು ಜಾಸ್ತಿ ಇದೆಯಲ್ಲ, ಇದು ಮೊದಲು ಇರಲಿಲ್ಲ ಎಂದರು. ಅದು ಅವನು ನೆನಪಿನಿಂದ ಕೆತ್ತಿದ ಹಲ್ಲು. ಐದು ವರ್ಷದಲ್ಲಿ ಎಷ್ಟು ಕಾಲೇಜಿಗೆ ಹೋಗಿತ್ತೋ ಈ ಹಲ್ಲು, ಎಷ್ಟು ಮಕ್ಕಳು ಇದನ್ನೇ ನೋಡಿ ಬರೆದುಕೊಂಡಿದ್ದರೋ. ಆ ಕ್ಷಣ ಅವನಿಗಾದದ್ದು ಬರೀ ನಾಚಿಕೆಯಲ್ಲ. ಮಾಡಿದ್ದೆಲ್ಲ ಹೊಳೆಗೆ ಹೋಯಿತು ಅನ್ನಿಸಿತು.

"ತಾಯಿ ಐತೆ ಮೇಡಂ, ತಣಿಸಂದ್ರದಾಗೆ. ತತ್ತೀನಿ. ನಿಮ್ಗೆ ಒಂದ್ ಸರಿಯಾದ್ದು ಮಾಡ್ಕೊಟ್ಟೇ ನಾನು ಕೆಲ್ಸ ಬಿಡೋದು."

"ನಾನು ಬೇರೆ ಕಡೆ ತರ್ಸೋದಿಲ್ಲ. ಕಾಯ್ತೀನಿ" ಎಂದರು ಪದ್ಮಶ್ರೀ. ಅವನ ಕೈಯನ್ನು ಹಾಗೆ ನಂಬಿದವರು ಜೀವಮಾನದಲ್ಲಿ ಮೇಷ್ಟರನ್ನು ಬಿಟ್ಟರೆ ಇವರೊಬ್ಬರೇ.

ಮೊದಲು ಮೇಷ್ಟರ ಕಾಲದಲ್ಲಿ ಅಜ್ಜಿಯನ್ನು ಕೊಂಡ ಕಾಲೇಜುಗಳಿಗೆಲ್ಲ ಫೋನು ಮಾಡಿದ, ಒಂದಾದರೂ ಹಳೆಯ ಪೀಸು ಉಳಿದಿದ್ದೀತೆಂದು. ಒಂದು ಕಡೆ ಒಡೆದಿತ್ತು, ಒಂದು ಕಡೆ ಕಟ್ಟಡ ಕೆಡವುವಾಗ ಗುಜರಿಗೆ ಹೋಗಿತ್ತು, ಉಳಿದವರಿಗೆ ತಮ್ಮಲ್ಲಿ ಅಂಥದ್ದೊಂದು ಇತ್ತೆಂಬುದೇ ಗೊತ್ತಿರಲಿಲ್ಲ. ಕೊನೆಗೆ ತಣಿಸಂದ್ರದ ಶಾಲೆಗೆ ಹೋದ. ಕಾವಲುಗಾರ ಲಕ್ಕಣ್ಣ ಅಮೃತಹಳ್ಳಿಯ ಪಕ್ಕದ ಜಕ್ಕೂರಿನವನು, ಗುರುತು ಹತ್ತಿ ಒಳಗೆ ಬಿಟ್ಟ. ಹನ್ನೆರಡರಲ್ಲಿ ಹನ್ನೊಂದು ಒಂದೊಂದಾಗಿ ಮುರಿದು ಹೋಗಿದ್ದವು. ಅಜ್ಜಿ ಒಬ್ಬಳೇ ಗಾಜಿನ ಪೆಟ್ಟಿಗೆಯಲ್ಲಿ ಇದ್ದಳು. ಕೆಳಗೆ ತೂತು ಕೊರೆದು ಕಬ್ಬಿಣದ ಸರಳಿಗೆ ಸಿಕ್ಕಿಸಿದ್ದರು. ಚೆನ್ನಾಗಿ ಕಾಣಲೆಂದು ಮೈಗೆಲ್ಲ ಬಿಳಿ ಎನಾಮಲ್ ಪೇಂಟು, ಅದೂ ಎರಡು ಕೈ ಹೊಡೆಸಿದ್ದರು. ಹಲ್ಲಿನ ಗುಬುಟು, ಹಣೆಯ ಬಿರುಕು, ಎಲ್ಲ ಪೇಂಟಿನಡಿ ಮುಚ್ಚಿಹೋಗಿತ್ತು.

"ಇದ್ಯಾವನಪ್ಪಾ ಸುಣ್ಣ ಬಳ್ದೋನು!" ಎಂದ ಸೊಣ್ಣಪ್ಪ. ಕಣ್ಣಲ್ಲಿ ನೀರು ಬಂತು.

"ಹೇಡಿ ಥರ ಅಳ್ಬ್ಯಾಡ ಅಣ್ಣೋ" ಎಂದು ಲಕ್ಕಣ್ಣ ಗದರಿಸಿ, ಆಮೇಲೆ ಅವನೇ ಕುಡಿಯಲು ನೀರು ತಂದುಕೊಟ್ಟ.

ಕೇಳಿದ ತಕ್ಷಣ ಶಾಲೆಯವರು ಕೊಟ್ಟುಬಿಡುತ್ತಾರೆಯೇ. ಪತ್ರ ಕೊಡಿ ಎಂದರು. ಕೀರ್ತಿಯನ್ನು ಕಾಡಿ ಪತ್ರ ಬರೆಸಿದ. ಪರೀಕ್ಷೆ ಮುಗಿಯಲಿ ಎಂದರು, ವಾರ್ಷಿಕೋತ್ಸವ ಮುಗಿಯಲಿ ಎಂದರು. ವರ್ಷ ಕಳೆದು ೨೦೧೭ರ ದಸರಾ ರಜೆಯಲ್ಲಿ ಹದಿನೈದು ದಿನಕ್ಕೆ ಅಜ್ಜಿಯನ್ನು ಬಿಟ್ಟುಕೊಟ್ಟರು. ಸೊಣ್ಣಪ್ಪ ಅವಳನ್ನು ಗೋಪಾಲಮ್ಮನ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಅಬ್ಬಿಗೆರೆಗೆ ತಂದ. ಅಷ್ಟು ಸಂತೋಷವಾಗಿ ಅವನು ಬಸ್ಸು ಹತ್ತಿದ್ದನ್ನು ಯಾರೂ ನೋಡಿರಲಿಕ್ಕಿಲ್ಲ.

ಪೇಂಟು ತೆಗೆಯಬೇಕು. ಶೆಡ್ಡಿನಲ್ಲಿ ಬಣ್ಣ ಕೆಟ್ಟ ಪೀಸುಗಳಿಗೆ ಅವನು ಮಾಡುತ್ತಿದ್ದದ್ದು ಒಂದೇ: ಥಿನ್ನರಿನಲ್ಲಿ ಬಟ್ಟೆ ಅದ್ದಿ ಹತ್ತು ನಿಮಿಷ ಸುತ್ತಿಟ್ಟು, ಆಮೇಲೆ ಒರೆಸುವುದು. ಅಲ್ಲಿಯ ರಾಳಕ್ಕೆ ಥಿನ್ನರಿನಿಂದ ಏನೂ ಆಗುವುದಿಲ್ಲ. ಮೂವತ್ತು ವರ್ಷದಲ್ಲಿ ಸಾವಿರ ಸಲ ಮಾಡಿದ ಕೆಲಸ. ಆದರೂ ಅಜ್ಜಿಯಲ್ಲವೇ, ಹುಷಾರಾಗಿರಬೇಕೆಂದು ಮೊದಲು ಕೆಳಗಡೆ, ಸರಳು ಸಿಕ್ಕಿಸಿದ್ದ ತೂತಿನ ಪಕ್ಕ ಒಂದು ಹನಿ ಹಚ್ಚಿ ನೋಡಿದ. ಪೇಂಟು ಎದ್ದು ಬಂತು, ಅಡಿಯಲ್ಲಿ ಗಟ್ಟಿಯಾಗಿಯೇ ಇತ್ತು. ಸರಿ ಎಂದು ಬಟ್ಟೆ ಅದ್ದಿದ, ಮುಖಕ್ಕೆಲ್ಲ ಸುತ್ತಿದ, ಟೀ ಕುಡಿಯಲು ಹೊರಗೆ ಹೋದ.

ಅವನು ಹನಿ ಹಚ್ಚಿ ನೋಡಿದ್ದು ಅಜ್ಜಿಯ ಮೈಯಲ್ಲ. ತೂತಿನ ಸುತ್ತ ಶಾಲೆಯವರು ಮೆತ್ತಿದ್ದ ಎಂಸೀಲ್ ಎಂಬ ಅಂಟು. ಅಜ್ಜಿಯ ಮೈ ವಿದೇಶದ ಬೇರೆ ಥರದ ಪ್ಲಾಸ್ಟಿಕ್ಕು. ಅದನ್ನು ಸೋಪುನೀರು ಬಿಟ್ಟು ಬೇರೇನೂ ತಾಗಿಸದೆ ಕಾಪಾಡಿದ್ದವನು ಅವನೇ. ಕಾಪಾಡಿದ್ದ ಕಾರಣಕ್ಕೇ, ಥಿನ್ನರು ತಾಗಿದರೆ ಅದಕ್ಕೆ ಏನಾಗುತ್ತದೆಂದು ತಿಳಿಯುವ ಸಂದರ್ಭವೇ ಅವನಿಗೆ ಬಂದಿರಲಿಲ್ಲ.

ಟೀ ಕುಡಿದು ಬಂದು ಬಟ್ಟೆ ಎಳೆದಾಗ ಪೇಂಟಿನ ಜೊತೆ ಮುಖವೂ ಎದ್ದು ಬಂತು. ಹುಬ್ಬು ಅಂಟಾಗಿ ಬಟ್ಟೆಗೆ ಹತ್ತಿತ್ತು. ಹಲ್ಲುಗಳು ಒಂದಕ್ಕೊಂದು ಕರಗಿ ಮುದ್ದೆಯಾಗಿದ್ದವು. ಸೊಣ್ಣಪ್ಪ ಬೆರಳಿನಿಂದ ಅವನ್ನು ಬಿಡಿಸಲು ನೋಡಿದ, ಬೆರಳಿನ ಗುರುತು ಅದರಲ್ಲಿ ಮೂಡಿತು. ಅವನು ನೆಲದ ಮೇಲೆ ಕೂತುಬಿಟ್ಟ. ಕೀರ್ತಿ ಬಂದು ನೋಡುವ ತನಕ ಕೂತೇ ಇದ್ದ.

"ಹೋಗ್ಲಿ ಬಿಡಿ ಸೊಣ್ಣಪ್ಪ" ಎಂದ ಕೀರ್ತಿ. ನಿಜವಾಗಿ ಕನಿಕರದಿಂದಲೇ ಎಂದ. "ನಮ್ದೇ ಒಂದು ಪೀಸ್‌ಗೆ ಬಿಳಿ ಹೊಡ್ದು ಅಲ್ಲಿಡಿ. ಯಾರಿಗೆ ಗೊತ್ತಾಗತ್ತೆ?"

ಯಾರಿಗೂ ಗೊತ್ತಾಗಲಿಲ್ಲ. ರಜೆ ಮುಗಿದ ಮೇಲೆ ಸೊಣ್ಣಪ್ಪ ಕುಗ್ಗಿದ ಅಜ್ಜಿಗೆ ಬಿಳಿ ಹೊಡೆದು ಒಯ್ದು ಅದೇ ಸರಳಿಗೆ ಸಿಕ್ಕಿಸಿದ. ಪ್ರಿನ್ಸಿಪಾಲ್ ಮೇಡಂ ನೋಡಿ, ಹಳೆಯದಕ್ಕಿಂತ ಇದೇ ನೀಟಾಗಿದೆ ಎಂದರು.

"ಇದು ಅದಲ್ಲ ಮೇಡಂ. ಅದು ನನ್ ಕೈಯಾಗೆ ಹಾಳಾಯ್ತು. ಇದು ಒಂಬತ್ ಮಿಲಿಮೀಟ್ರು ಕಮ್ಮಿ ಐತೆ, ಹಲ್ಲೂ ಸರಿ ಇಲ್ಲ."

"ಗಾಜಿನೊಳಗೆ ಇರೋದನ್ನ ಯಾರು ಅಳೀತಾರೆ ಬಿಡಿ" ಎಂದು ಅವರು ನಕ್ಕು ಸಹಿ ಹಾಕಿಕೊಟ್ಟರು.

ಅಲ್ಲಿಂದ ಸೊಣ್ಣಪ್ಪ ಸೀದಾ ಯಲಹಂಕಕ್ಕೆ ಹೋದ. ಪದ್ಮಶ್ರೀ ಮೇಡಂ ಅವನನ್ನು ಕಂಡು ಎದ್ದು ನಿಂತರು, ಕೈಯಲ್ಲಿ ಏನಾದರೂ ತಂದಿದ್ದಾನೆಯೇ ಎಂದು ನೋಡಿದರು. ಅವನು ಒಂದೂ ಮುಚ್ಚಿಡದೆ ಎಲ್ಲ ಹೇಳಿದ.

"ಇನ್ಮೇಲೆ ಕಳ್ಸೋ ಪೀಸ್ ಮೇಲೆ ಬರೆದ್ಬಿಡಿ ಸೊಣ್ಣಪ್ಪನವ್ರೇ. ನೋಡೋದಕ್ಕೆ ಮಾತ್ರ, ಅಳತೆಗಲ್ಲ ಅಂತ. ಅಷ್ಟಾದ್ರೂ ಮಾಡೋಣ."

ಅವನು ಅಲ್ಲೇ ಅವರ ಪೆನ್ನು ಇಸಿದುಕೊಂಡು, ಅವರ ಬೀರುವಿನಲ್ಲಿದ್ದ ಆ ಕುಗ್ಗಿದ ಅಜ್ಜಿಯನ್ನು ತಿರುಗಿಸಿ, ಬುಡದಲ್ಲಿ ಹಾಗೆಯೇ ಬರೆದ. ಮೇಡಂ ಓದಿದರು. ಓದಿ ಮತ್ತೆ ಅವನ ಕೈಗೇ ಕೊಟ್ಟರು.

"ಇದನ್ನ ನೀವೇ ತಗೊಂಡ್ಹೋಗಿ. ಬೇಜಾರು ಮಾಡ್ಕೋಬೇಡಿ. ನಮಗೆ ಬೇಕಾಗಿದ್ದು ಅಳತೆ ಒಂದೇ."

ಅವರ ಮೇಲೆ ಅವನಿಗೆ ಬೇಜಾರಾಗಲಿಲ್ಲ. ಸರಿಯಾಗಿಯೇ ಹೇಳಿದರು ಎಂದು ಗೋಪಾಲಮ್ಮನ ಹತ್ತಿರ ಎಷ್ಟೋ ಸಲ ಹೇಳಿದ್ದ. ೨೦೧೯ರಲ್ಲಿ ಕಣ್ಣು ಸಾಲದೆ ಕೆಲಸ ಬಿಡುವ ತನಕ, ಎರಡು ವರ್ಷ, ಶೆಡ್ಡಿನಿಂದ ಹೊರಟ ಪ್ರತಿ ಬುರುಡೆಯ ಬುಡದಲ್ಲಿ ಆ ಮಾತನ್ನು ಅವನೇ ಬರೆದ. ಶಾಲೆ, ಕಾಲೇಜು, ಶಾಪಿಂಗ್ ಮಾಲು, ಎಲ್ಲಕ್ಕೂ ಹೋದವು. ಯಾರಾದರೂ ತಿರುಗಿಸಿ ಓದಿ, ನಮಗೆ ಇಂಥದ್ದು ಬೇಡ ಎಂದು ಬೈದು ಕಳಿಸಲಿ ಎಂದು ಅವನು ಒಳಗೊಳಗೇ ಕಾಯುತ್ತಿದ್ದ. ಎರಡು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಬುರುಡೆ ಹೋದವು, ಒಂದೂ ವಾಪಸ್ ಬರಲಿಲ್ಲ.