ಮೂರು ಕಾಲಿನ ಸಕ್ಕರೆ ಕುದುರೆ

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಸಿಂಧನೂರಿನ ಬಜಾರಿನಲ್ಲಿ ಒಂದು ವಾಸನೆ ಏಳುತ್ತದೆ. ಸಕ್ಕರೆ ಪಾಕ ಕುದಿಯುವ ವಾಸನೆ, ಅದರ ಜೊತೆಗೇ ನೀರಿನಲ್ಲಿ ನೆನೆದ ಹಳೆಯ ಕಟ್ಟಿಗೆಯ ವಾಸನೆ. ಕಟ್ಟಿಗೆಯ ಅಚ್ಚುಗಳನ್ನು ಜೋಡಿಸಿ, ದಾರದಿಂದ ಬಿಗಿದು, ಒಳಗೆ ಬಿಸಿ ಪಾಕ ಸುರಿದು ಆರತಿಯ ಗೊಂಬೆ ಮಾಡುತ್ತಾರಲ್ಲ, ಅದು. ಆನೆ, ಗಿಳಿ, ಒಂಟೆ, ಬಸವಣ್ಣ, ಕುದುರೆ ಎಲ್ಲ ಬಿಳಿ, ಗುಲಾಬಿ, ಹಳದಿ ಬಣ್ಣದಲ್ಲಿ ಸಾಲಾಗಿ ನಿಂತಿರುತ್ತವೆ. ಕಾಲೇಜು ಮುಗಿಸಿ ಬರುವಾಗ ಆ ವಾಸನೆ ಮೂಗಿಗೆ ಬಡಿದರೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಹೋದ ಸಲ ಅಂಗಡಿಯವರು, "ಯಾವ್ದು ಕೊಡ್ಲಿ ಯವ್ವ?" ಎಂದು ಕೇಳಿದಾಗ ನಾನು, "ಮೂರು ಕಾಲಿನ ಕುದುರಿ ಐತೇನ್ರಿ?" ಎಂದುಬಿಟ್ಟೆ. ಅವರು ನನ್ನ ಮುಖವನ್ನೊಮ್ಮೆ, ತಮ್ಮ ಕುದುರೆಗಳ ಕಾಲನ್ನೊಮ್ಮೆ ನೋಡಿ, "ಮುರದದ್ದು ನಾವು ಮಾರಂಗಿಲ್ಲವ್ವ, ಕರಗಸ್ತೀವಿ" ಎಂದರು. ಅವರಿಗೆ ಹೇಗೆ ತಿಳಿಸಿ ಹೇಳುವುದು? ಆದರೆ ನಿಮಗೆ ಹೇಳಬಹುದು. ಕೊರೊನಾದ ಆ ಎರಡು ವರ್ಷಗಳಲ್ಲಿ ಯಾರನ್ನೂ ಕಳೆದುಕೊಳ್ಳದ ಮನೆ ನಿಮ್ಮ ಓಣಿಯಲ್ಲೂ ಇದ್ದಿರಲಿಕ್ಕಿಲ್ಲ.

ಕೊರೊನಾ ಬಂದ ವರ್ಷ ಶಾಲೆ ಮುಚ್ಚಿದಾಗ ಅಪ್ಪ ನನ್ನನ್ನು ಸಿಂಧನೂರಿನಿಂದ ಗೊರೇಬಾಳಕ್ಕೆ, ತನ್ನ ಅವ್ವನ ಮನೆಗೆ ಬಿಟ್ಟು ಬಂದ. ಅಪ್ಪನ ಅವ್ವನನ್ನು ನಾನು ಆಯಿ ಎನ್ನುತ್ತಿದ್ದೆ. ಆ ಮನೆಯಲ್ಲಿ ಆಯಿ, ಗದ್ದೆ ನೋಡಿಕೊಳ್ಳುವ ಕಾಕಾ, ಅಪ್ಪನ ಕೊನೆಯ ತಂಗಿ ಗಂಗಮ್ಮ, ಇವರಲ್ಲದೆ ಎರಡು ಎಮ್ಮೆ ಮತ್ತು ಲೆಕ್ಕವಿಲ್ಲದಷ್ಟು ಗುಬ್ಬಿಗಳಿದ್ದವು. ಮಣ್ಣಿನ ಮಾಳಿಗೆಯ ಮನೆ. ನಡುವೆ ಪಡಸಾಲೆ, ಹಿಂದೆ ಹಿತ್ತಲು, ಹಿತ್ತಲಿನ ಬಾಗಿಲು ತೆರೆದರೆ ಕಾಲುವೆಯ ಏರಿ. ಆಯಿಯ ಮೊಣಕಾಲುಗಳು ಹೋಗಿಬಿಟ್ಟಿದ್ದವು. ದಿನವೂ ಕುಸುಬೆ ಎಣ್ಣೆ ತಿಕ್ಕಿಕೊಂಡು ಕೂಡುತ್ತಿದ್ದಳು, ಎಂಟು ಮನೆಗೆ ಆ ವಾಸನೆ ಹೋಗುತ್ತಿತ್ತು. ಕಾಲು ನಿಂತಷ್ಟೂ ಬಾಯಿ ಓಡುತ್ತದೆ ಎಂದು ಕಾಕಾ ಅವಳನ್ನು ಕಾಡಿಸುತ್ತಿದ್ದ. ಅವಳ ಬೈಗುಳ ತಿನ್ನದೆ ಆ ಮನೆಯಲ್ಲಿ ಯಾರೂ ರೊಟ್ಟಿ ತಿನ್ನುತ್ತಿರಲಿಲ್ಲ.

ಗಂಗಮ್ಮನನ್ನು ನಾವೆಲ್ಲ ಗಂಗತ್ತಿ ಎನ್ನುತ್ತಿದ್ದೆವು. ನಾವೆಲ್ಲ ಎಂದರೆ ನಾನು, ಪಕ್ಕದ ಮನೆಯ ಹುಲಿಗೆಮ್ಮ, ಅವಳ ತಮ್ಮ ಶರಣ. ಗಂಗತ್ತಿ ಪೊಲೀಸ್ ಭರ್ತಿಗೆ ಓದುತ್ತಿದ್ದಳು. ಬರೆಯುವ ಪರೀಕ್ಷೆಗಿಂತ ಓಡುವ ಪರೀಕ್ಷೆಯೇ ಅವಳಿಗೆ ಚಿಂತೆ. ಮದುವೆ ಗೊತ್ತಾದ ಹುಡುಗಿ ಏರಿಯ ಮೇಲೆ ಒಬ್ಬಳೇ ಓಡುವುದುಂಟೇ ಎಂದು ಆಯಿ ಖಡಾಖಂಡಿತ ಹೇಳಿದ್ದಳು. ಅದಕ್ಕೆ ಗಂಗತ್ತಿ ಒಂದು ಉಪಾಯ ಮಾಡಿದಳು. "ನಾ ಎಲ್ಲಿ ಓಡ್ತೀನಿ ಬೇ ಯವ್ವ? ಸಾಲಿ ಇಲ್ಲದ ಈ ಹುಡುಗ್ರು ಮನ್ಯಾಗ ಕುಂತು ಕೊಳ್ಯಾಕತ್ಯಾವು. ಇವನ್ನ ಓಡಸಾಕ ಹೋಗ್ತೀನಿ" ಎಂದಳು. ಹೀಗೆ ನಾವು ಅವಳ ನೆಪವಾದೆವು. ಅಂಥವಳಿಗೆ ನೆಪವಾಗುವುದೂ ಒಂದು ಭಾಗ್ಯ.

ಬೆಳಕು ಹರಿಯುವ ಮುಂಚೆ ಅವಳು ನನ್ನ ಹೆಬ್ಬೆರಳು ಜಗ್ಗಿ ಎಬ್ಬಿಸುತ್ತಿದ್ದಳು. ಪಡಸಾಲೆಯಲ್ಲಿ ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಾವು ಉಸಿರು ಬಿಗಿಹಿಡಿದು ಅವಳನ್ನು ದಾಟಿ ಹಿತ್ತಲಿನ ಬಾಗಿಲಿಗೆ ಬರುತ್ತಿದ್ದೆವು. ಅದಕ್ಕೊಂದು ಕಟ್ಟಿಗೆಯ ಅಗಳಿ. ರಾತ್ರಿ ಆಯಿಯೇ ಕೈಯಾರೆ ಹಾಕಿ, ಎರಡು ಸಲ ಜಗ್ಗಿ ನೋಡಿ ಮಲಗುವಳು. ಬೇಸಿಗೆಯಲ್ಲಿ ಆ ಅಗಳಿ ತೆಗೆದರೆ ಇಡೀ ಓಣಿ ಏಳುವ ಹಾಗೆ ಕಿರುಗುಟ್ಟುತ್ತಿತ್ತು. ಆದರೆ ನಾವು ಓಡಲು ಶುರು ಮಾಡಿದ ಮೇಲೆ ಒಂದು ದಿನವೂ ಅದನ್ನು ತೆಗೆಯುವ ಪ್ರಸಂಗ ಬರಲಿಲ್ಲ. ನಾವು ಬರುವಷ್ಟರಲ್ಲಿ ಅಗಳಿ ತೆಗೆದೇ ಇರುತ್ತಿತ್ತು. ಗದ್ದೆಗೆ ನೀರು ತಿರುವಲು ಕಾಕಾ ನಮಗಿಂತ ಮೊದಲೇ ಎದ್ದು ಹೋಗುತ್ತಿದ್ದ. ಅವನೇ ಹೀಗೆ ಬಾಗಿಲು ಹಾರುಹೊಡೆದು ಹೋಗುತ್ತಾನೆ, ಪುಣ್ಯಾತ್ಮ ಎಂದುಕೊಂಡೆವು.

ಗಂಗತ್ತಿ ಓಡುವುದನ್ನು ನೀವು ನೋಡಬೇಕಿತ್ತು. ಚೂಡಿದಾರದ ಮೇಲೆ ಓಢಣಿಯನ್ನು ಸೊಂಟಕ್ಕೆ ಬಿಗಿದು, ಜಡೆಯನ್ನು ಕೊರಳಿಗೆ ಸುತ್ತಿ, ಕಾಕಾನ ಹಳೆಯ ಬೂಟಿನ ತುದಿಗೆ ಅರಿವೆ ತುರುಕಿ ಹಾಕಿಕೊಂಡು ತೂಬಿನ ಹತ್ತಿರ ನಿಲ್ಲುವಳು. ಶಾಲೆಯ ಪಾಠಕ್ಕೆಂದು ಕೊಡಿಸಿದ ಮೊಬೈಲು ಶರಣನ ಕೈಯಲ್ಲಿರುತ್ತಿತ್ತು. ಅದರಲ್ಲಿ ನೆಟ್ವರ್ಕು ಬಂದು ಪಾಠ ಕೇಳಿಸಿದ್ದು ಅಷ್ಟಕ್ಕಷ್ಟೇ, ಗಂಗತ್ತಿಯ ಓಟಕ್ಕೆ ಗಡಿಯಾರವಾಗಿ ಮಾತ್ರ ಅದು ಚೆನ್ನಾಗಿ ದುಡಿಯಿತು. ಅವಳು ಬಿಟ್ಟಳೆಂದರೆ ಬಿಟ್ಟಳೇ. ಹಿಂದೆ ನಾವು ಮೂವರು ಬಾಯಿ ತೆರೆದುಕೊಂಡು ಓಡುವೆವು. "ಬಾಯಿ ಮುಚ್ರಲೇ. ಮೂಗಿನಾಗ ಉಸಿರು ತಗೋರಿ. ಮಾತಾಡಾಕ ಉಸಿರು ಉಳದೈತಿ ಅಂದ್ರ ನೀವು ಓಡಾಕತ್ತಿಲ್ಲ, ದಿಬ್ಬಣಕ್ಕ ಹೊಂಟೀರಿ" ಎಂದು ಮುಂದಿನಿಂದ ಕೂಗುವಳು. ಅವಳಿಗೆ ಮಾತ್ರ ಓಡುತ್ತ ಬೈಯುವಷ್ಟು ಉಸಿರು ಎಲ್ಲಿಂದ ಬರುತ್ತಿತ್ತೋ, ಅದು ಆಯಿಯ ಹೊಟ್ಟೆಯಿಂದಲೇ ಬಂದ ಗುಣವಿರಬೇಕು.

ದಸರೆ ದಾಟಿದ ಮೇಲಿನ ಆ ದಿನಗಳನ್ನು ನೆನೆದರೆ ಈಗಲೂ ಎದೆ ತಂಪಾಗುತ್ತದೆ. ಗದ್ದೆಯ ಮೇಲೆ ತೆಳ್ಳಗೆ ಮಂಜು, ತಲೆ ಬಾಗಿಸಿ ನಿಂತ ನೆಲ್ಲು, ಕಾಲಡಿಯ ಹುಲ್ಲಿನ ಹನಿ, ಕಾಲುವೆಯ ನೀರಿನಿಂದ ಏಳುವ ಕೆಸರಿನ ಕಂಪು. ನಾವು ಭತ್ತವನ್ನು ನೆಲ್ಲು ಎನ್ನುವ ಜನ. ಓಟ ಮುಗಿದ ಮೇಲೆ ಕೊಯ್ದ ಗದ್ದೆಗಳಲ್ಲಿ ಬಿದ್ದ ತೆನೆ ಆಯುತ್ತಿದ್ದೆವು. ಗಂಗತ್ತಿ ಅವನ್ನು ಜಡೆ ಹೆಣೆದಂತೆ ಹೆಣೆದು ಗೊಂಚಲು ಮಾಡಿಕೊಡುವಳು. ಪಡಸಾಲೆಯ ತೊಲೆಗೆ ಕಟ್ಟಿದರೆ ಗುಬ್ಬಿಗಳು ತೂಗಾಡುತ್ತ ತಿನ್ನುತ್ತಿದ್ದವು. ಹುಲಿಗೆಮ್ಮ ಗದ್ದೆಯ ಬದುವಿನಲ್ಲಿ ಏಡಿ ಹಿಡಿಯುವುದರಲ್ಲಿ ಎತ್ತಿದ ಕೈ. ಆ ಸಲ ದಸರೆಗೆ ಬನ್ನಿ ಕೊಡಲೂ ಜನ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಹಬ್ಬದ ಸಂಜೆ ಗಂಗತ್ತಿ ನಮ್ಮ ಮೂವರ ಉಡಿಯಲ್ಲೂ ಬನ್ನಿ ತುಂಬಿ, "ಓಡ್ರಿ, ಹೊಸ್ತಿಲ ಮ್ಯಾಲಿಟ್ಟು ದೂರ ನಿಂತು ಕೈ ಮುಗೀರಿ" ಎಂದಳು. ಬಾಯಿಗೆ ಟವೆಲು ಕಟ್ಟಿಕೊಂಡ ಮುದುಕರು ಒಳಗಿನಿಂದಲೇ, "ಬಂಗಾರದಂಗ ಇರ್ರೆಪ್ಪ" ಎನ್ನುತ್ತಿದ್ದರು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಾಗ ನಾವು ಮೂವರು ಗಾಳಿಗೆ ಬಿಟ್ಟ ಕರುಗಳ ಹಾಗೆ ಓಡಾಡಿಕೊಂಡಿದ್ದೆವು, ಅದೆಲ್ಲ ಅವಳ ಕೃಪೆ.

ತಿರುಗಿ ಬರುವಷ್ಟರಲ್ಲಿ ಆಯಿ ಕಟ್ಟೆಯ ಮೇಲೆ ಮೊಣಕಾಲು ತಿಕ್ಕುತ್ತ ಕುಳಿತಿರುತ್ತಿದ್ದಳು. "ಬಂತು ನೋಡ್ರಿ ಊರ ಮೆರವಣಿಗಿ. ಮಸ್ಕಿಯವ್ರ ಕಿವಿಗೆ ಬಿದ್ರ ನಿನ್ನ ಓಟ ತಿಳೀತೈತಿ" ಎಂದು ದಿನಾ ಅದೇ ಪುರಾಣ. ಬೈಯುತ್ತಲೇ ಬಚ್ಚಲ ಹಂಡೆಯ ಕಡೆ ಕೈ ತೋರುವಳು. ನೀರು ಹೊಗೆಯಾಡುತ್ತಿರುತ್ತಿತ್ತು. ಜಳಕ ಮಾಡಿ ಬಂದರೆ ಬಿಸಿ ರೊಟ್ಟಿ, ಪುಂಡಿಪಲ್ಯ.

ಮಸ್ಕಿಯವರೆಂದರೆ ಗಂಗತ್ತಿಗೆ ಗೊತ್ತಾದ ಬೀಗರು. ಹುಡುಗನದು ಗೊಬ್ಬರದ ಅಂಗಡಿ. ನಿಶ್ಚಯ ಆಗಿತ್ತು, ಮದುವೆ ಮಾತ್ರ ಲಾಕ್‌ಡೌನಿನಿಂದ ಮುಂದಕ್ಕೆ ಹೋಗಿತ್ತು. ಊರ ಉಸಾಬರಿ ಮಾಡುವವರಿಗೆ ಯಾವ ಲಾಕ್‌ಡೌನು? ದೀಪಾವಳಿಯ ಹೊತ್ತಿಗೆ ಸುದ್ದಿ ಮಸ್ಕಿಗೆ ಮುಟ್ಟಿತು. ಅಲ್ಲಿಂದ ಕಾಕಾನಿಗೆ ಫೋನು ಬಂತು. ಮಾತು ನೇರವಾಗಿಯೇ ಇತ್ತು: ನೌಕರಿ ಬೇಡ, ಓಟ ಈಗಲೇ ನಿಲ್ಲಬೇಕು, ನಿಲ್ಲದಿದ್ದರೆ ಹುಣ್ಣಿಮೆಗೆ ಆರತಿ ಕಳಿಸುವುದು ವಿಚಾರ ಮಾಡಬೇಕಾಗುತ್ತದೆ. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆ, ಹೂವಿನ ದಂಡಿ, ಸಕ್ಕರೆ ಆರತಿ ಬರುತ್ತದೆ. ಆ ಗೊಂಬೆಗಳನ್ನು ತಾಟಿನಲ್ಲಿಟ್ಟು, ದೀಪ ಹಚ್ಚಿ, ಹುಡುಗಿ ಊರ ಮುಂದೆ ಗುಡಿಗೆ ನಡೆಯುತ್ತಾಳೆ. ಆರತಿ ಬರಲಿಲ್ಲವೆಂದರೆ ಸಂಬಂಧ ಮುರಿಯಿತೆಂದೇ ಲೆಕ್ಕ, ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಕಾಕಾ ಪಡಸಾಲೆಯಲ್ಲಿ ತಲೆ ಕೆಳಗೆ ಹಾಕಿ ನಿಂತಿದ್ದ. "ಏನ್ ಹೇಳ್ಲಿ ಅವ್ರಿಗೆ?" ಎಂದ. ಗಂಗತ್ತಿ ನೆಲ್ಲಿನ ತೆನೆ ಹೆಣೆಯುತ್ತ, "ಹೊಳಿ ನೀರಿಗೆ ದೊಣ್ಣಿನಾಯಕನ ಅಪ್ಪಣಿ ಯಾಕಣ್ಣ? ನಾ ಓಡಾಕಿ ಓಡಾಕೀನ. ಕಳಸಿದ್ರ ಕಳಸ್ಲಿ, ಬಿಟ್ರ ಬಿಡ್ಲಿ" ಎಂದಳು. ದನಿ ಗಟ್ಟಿಯಿತ್ತು, ಆದರೆ ಕೈಯಲ್ಲಿದ್ದ ತೆನೆ ಉದುರಿ ಕಾಳೆಲ್ಲ ನೆಲಕ್ಕೆ ಬಿದ್ದವು. ಆಯಿ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಇವತ್ತಂತೂ ಬಾಗಿಲು ಹಾಕಿರುತ್ತದೆ ಎಂದು ಅಂಜುತ್ತ ಹೋದೆವು. ಅಗಳಿ ತೆಗೆದೇ ಇತ್ತು.

ಹುಣ್ಣಿಮೆಯ ದಿನ ಗಂಗತ್ತಿ ಮುಂಜಾನೆ ಎಂದಿನಂತೆ ಓಡಿ ಬಂದಳು. ಆಮೇಲೆ ಮಾತ್ರ ಮಸ್ಕಿಯ ಕಡೆಯಿಂದ ಬರುವ ಒಂದೊಂದು ಬೈಕಿನ ಸದ್ದಿಗೂ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಮಧ್ಯಾಹ್ನ ದಾಟಿತು, ಯಾರೂ ಬರಲಿಲ್ಲ. ಹುಲಿಗೆಮ್ಮ ಹೊಸ ಲಂಗ ಹಾಕಿಕೊಂಡು ಬಂದವಳು ನಮ್ಮ ಮನೆಯ ಮೋರೆಗಳನ್ನು ನೋಡಿ ಮೂಲೆ ಹಿಡಿದಳು. ಆಗ ಆಯಿ ಗೋಡೆ ಹಿಡಿದು ಎದ್ದಳು. "ಜಂತಿ ಮ್ಯಾಲಿನ ಗಂಟು ಇಳಸ್ರಿ" ಎಂದಳು. ಗಂಟು ಬಿಚ್ಚಿದರೆ ಕಪ್ಪಾದ ಕಟ್ಟಿಗೆಯ ಅಚ್ಚುಗಳು, ಅವಳ ತವರೂರು ಗುರುಗುಂಟಾದಿಂದ ಬಂದವು. "ಅವ್ರು ಕಳಸ್ಲಿಲ್ಲಂದ್ರ ನಮ್ಮನ್ಯಾಗ ಸಕ್ರಿ ಇಲ್ಲೇನು? ನನ್ನ ಮಗಳು ಖಾಲಿ ತಾಟು ಹಿಡ್ಯಾಕಿ ಅಲ್ಲ" ಎಂದು ಒಲೆಯ ಮುಂದೆ ಕುಳಿತಳು.

ಪಾಕಕ್ಕೆ ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಎಳೆ ನೋಡಿ, ನೆನೆಸಿದ ಅಚ್ಚಿಗೆ ಸುರಿಯುವ ಆ ಕೈಯನ್ನು ನೋಡುತ್ತ ನಾವು ಉಗುಳು ನುಂಗಿದೆವು. ಆನೆ ಬಂತು, ಗಿಳಿ ಬಂತು. ಕುದುರೆ ಆರುವತನಕ ತಡೆಯದೆ ಹುಲಿಗೆಮ್ಮ ದಾರ ಬಿಚ್ಚಿಬಿಟ್ಟಳು. ಮುಂಗಾಲು ಒಂದು ಅಚ್ಚಿನಲ್ಲೇ ಉಳಿಯಿತು. ಮುರಿದ ಗೊಂಬೆಯನ್ನು ಆರತಿಗೆ ಇಡುವಂತಿಲ್ಲ, ಅದು ಅಪಶಕುನ. ಮತ್ತೊಂದು ಹೊಯ್ಯೋಣವೆಂದರೆ ಡಬ್ಬಿಯಲ್ಲಿ ಸಕ್ಕರೆ ತೀರಿತ್ತು, ಇದನ್ನೇ ಕರಗಿಸಲು ಹೊತ್ತೂ ಉಳಿದಿರಲಿಲ್ಲ. ಹುಲಿಗೆಮ್ಮ ಅಳತೊಡಗಿದಳು. ಆಯಿ ಕುದುರೆಯನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿ, ತಾಟಿನ ನಡುವೆ, ಆನೆಗೆ ಆನಿಸಿ ನಿಲ್ಲಿಸಿದಳು. "ಮೂರು ಕಾಲಿಂದಾದ್ರೂ ಕುದುರಿ ಕುದುರಿನ. ಓಡತೈತಿ, ನಡಿ" ಎಂದಳು. ಗಂಗತ್ತಿ ಅವಳನ್ನೇ ನೋಡಿದಳು. ಆಯಿ ಕೂಡಲೇ, "ನನ್ನ ಮಾರಿ ಏನ್ ನೋಡ್ತೀ, ದೀಪಕ್ಕ ಎಣ್ಣಿ ಹಾಕು" ಎಂದು ಗದರಿದಳು.

ಆ ಸಂಜೆ ಹುಡುಗಿಯರು ದೂರ ದೂರ ನಿಂತು, ಬಾಯಿಗೆ ಮಾಸ್ಕು ಕಟ್ಟಿಕೊಂಡು ಗುಡಿಗೆ ಹೋದರು. ಎಲ್ಲರ ನಡುವೆ ಗಂಗತ್ತಿ ಹಳೆಯ ಇಳಕಲ್ ಸೀರೆಯುಟ್ಟು, ಆಯಿಯೇ ಕಟ್ಟಿದ ಚೆಂಡುಹೂವಿನ ದಂಡಿ ಮುಡಿದು, ಎತ್ತಿದ ತಲೆ ಇಳಿಸದೆ ನಡೆದಳು. ತಾಟಿನಲ್ಲಿ ಮೂರು ಕಾಲಿನ ಕುದುರೆ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಕಟ್ಟೆಗಳ ಮೇಲಿನ ಪಿಸುಮಾತು ನನಗೂ ಕೇಳಿಸಿತು. ಅವಳಿಗೆ ಕೇಳಿಸದೆ ಇರುತ್ತದೆಯೇ? ಅಷ್ಟು ಚೆಂದದ ನಡಿಗೆಯನ್ನು ನಾನು ಮತ್ತೆ ಎಲ್ಲಿಯೂ ಕಾಣಲಿಲ್ಲ. ಮರುದಿನ ಆಯಿ ಮತ್ತೆ ಕಟ್ಟೆಯ ಮೇಲೆ ಕುಳಿತು, "ಬಂತು ಮೆರವಣಿಗಿ" ಎಂದು ಬೈದಳು. ಓಡು ಎಂದು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಅದೊಂದು ಗಂಗತ್ತಿಗೆ ಒಳಗೇ ಚುಚ್ಚುತ್ತಿತ್ತು. "ಊರು ಏನರ ಅನ್ಲಿ. ಅವ್ವ ಒಂದ್ಸಲ ಹೂಂ ಅಂದ್ರ ಸಾಕಿತ್ತು" ಎಂದು ತೂಬಿನ ಮೇಲೆ ಕುಳಿತು ನನ್ನ ಮುಂದೆ ಹೇಳಿದ್ದಳು.

ಗಂಗತ್ತಿ ಈಗ ಲಿಂಗಸೂಗೂರಿನಲ್ಲಿ ಪೊಲೀಸ್ ಆಗಿದ್ದಾಳೆ. ಓಟದ ಪರೀಕ್ಷೆಯಲ್ಲಿ ಅವಳ ಹಿಂದೆ ಬಹಳ ಜನ ಉಳಿದರಂತೆ. ಆ ಮಣ್ಣಿನ ಮಾಳಿಗೆ ಈಗಿಲ್ಲ. ಕಾಕಾ ಗದ್ದೆಯ ಹತ್ತಿರ ಸಿಮೆಂಟಿನ ಮನೆ ಕಟ್ಟಿಸಿಕೊಂಡ. ಹಳೆಯ ಜಾಗದಲ್ಲಿ ನೆಲ್ಲು ಒಣಗಿಸುತ್ತಾರೆ. ಇದೆಲ್ಲ ಆಮೇಲಿನ ಮಾತು. ಅದಕ್ಕೂ ಮೊದಲು, ಮರುವರ್ಷದ ಬೇಸಿಗೆಯಲ್ಲಿ ರೋಗ ತಿರುಗಿ ಬಂದು ಆಯಿಯನ್ನು ಒಯ್ದಿತು. ಆಸ್ಪತ್ರೆಗೆ ಹೋದವಳ ಮುಖ ನಾವು ಮತ್ತೆ ನೋಡಲಿಲ್ಲ. ಮಣ್ಣಿಗೂ ನಮ್ಮನ್ನು ಬಿಡಲಿಲ್ಲ. ಫೋನು ಬಂದಾಗ ಗಂಗತ್ತಿ ಅಳಲಿಲ್ಲ. ಬಹಳ ದಿನ ಏರಿಯ ಕಡೆ ಹೋಗಲಿಲ್ಲ. ರಾತ್ರಿ ಹಿತ್ತಲಿನ ಅಗಳಿ ಹಾಕುವ ಕೆಲಸ ಅವಳ ಪಾಲಿಗೆ ಬಂತು. ಆಯಿಯ ಹಾಗೆಯೇ ಎರಡು ಸಲ ಜಗ್ಗಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಮತ್ತೆ ನನ್ನ ಹೆಬ್ಬೆರಳು ಜಗ್ಗಿದಳು. ಖಾಲಿ ಪಡಸಾಲೆ ದಾಟಿ ಹಿತ್ತಲಿನ ಬಾಗಿಲಿಗೆ ಬಂದೆವು. ಕಾಕಾ ಆಗಲೇ ಗದ್ದೆಗೆ ಹೋಗಿದ್ದ. ಅವನು ಹೋದ ಮುಂದಿನ ಬಾಗಿಲು ಸುಮ್ಮನೆ ಎಳೆದಿತ್ತು, ಅವನ ಸಲಿಕೆ ಮೂಲೆಯಲ್ಲಿರಲಿಲ್ಲ. ಹಿತ್ತಲಿನ ಅಗಳಿ ಮಾತ್ರ ರಾತ್ರಿ ಹಾಕಿದಂತೆ ಹಾಕಿಯೇ ಇತ್ತು. ಗಂಗತ್ತಿ ಅದರ ಮೇಲೆ ಕೈಯಿಟ್ಟಳು. ದಿನಾ ರಾತ್ರಿ ಮುಟ್ಟುತ್ತಿದ್ದರೂ ಅವಳು ಗಮನಿಸಿರಲಿಲ್ಲ, ಕಟ್ಟಿಗೆಯ ಮೈಯೆಲ್ಲ ಎಣ್ಣೆ ಒಣಗಿ ಜಿಗುಟಾಗಿತ್ತು. ಬೆರಳನ್ನು ಮೂಗಿಗೆ ಹಿಡಿದಳು, ಆಮೇಲೆ ನನ್ನ ಮೂಗಿಗೆ ಹಿಡಿದಳು. ಕುಸುಬೆ ಎಣ್ಣೆ. ಆಯಿಯ ಮೊಣಕಾಲಿನ ವಾಸನೆ. ಅಗಳಿ ಜಗ್ಗಿದರೆ ಅದು ಹಳೆಯ ಬೇಸಿಗೆಯ ಹಾಗೆ ಮನೆಯೆಲ್ಲ ಕೇಳುವಂತೆ ಕಿರುಗುಟ್ಟಿತು.

"ಅವ್ವ ಇವತ್ತ ಎದ್ದಿಲ್ಲ" ಎಂದಳು ಗಂಗತ್ತಿ. ಹಾಗೆಂದವಳೇ ಬಾಗಿಲಿಗೆ ಹಣೆ ಹಚ್ಚಿ, ಅಷ್ಟು ದಿನ ಅಳದದ್ದನ್ನೆಲ್ಲ ಅತ್ತಳು. ಆಮೇಲೆ ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು ಏರಿ ಹತ್ತಿದಳು. ನಾನು ಹಿಂದೆ ಓಡಿದೆ. ಅವತ್ತಿನಷ್ಟು ಜೋರಾಗಿ ಅವಳು ಯಾವತ್ತೂ ಓಡಿರಲಿಲ್ಲ. ತಿರುಗಿ ಬಂದಾಗ ಬಿಸಿಲು ಬಿದ್ದಿತ್ತು, ಹಂಡೆಯ ನೀರು ತಣ್ಣಗಿತ್ತು, ಕಟ್ಟೆಯ ಮೇಲೆ ಬೈಯುವವರು ಯಾರೂ ಇರಲಿಲ್ಲ.