ತಾಂಡೇಲನ ಅಕ್ಕ ಕಮಲಿ

ಮಾವಿನಕುರ್ವೆಯ ಕಮಲಿ ಮೀನಿನ ಬುಟ್ಟಿ ತಲೆಗೇರಿಸಿ ಹೊರಟಳೆಂದರೆ ಪಲ್ಲಕ್ಕಿ ಹೊರಟಂತೆ. ಕುತ್ತಿಗೆ ನೆಟ್ಟಗೆ, ಸೊಂಟಕ್ಕೆ ಬಿಗಿದ ಸೆರಗು, ಬಾಯಲ್ಲಿ ಎಲೆಯಡಿಕೆಯ ಕವಳ. ಹೊಳೆ ದಾಟಿ ಹೊನ್ನಾವರಕ್ಕೆ ಬಂದು, ಭಟ್ಕಳದಿಂದ ಟೆಂಪೋದಲ್ಲಿ ಬಂದ ಮೀನು ತುಂಬಿಕೊಂಡು, ಬಸ್ಸು ಹತ್ತಿ, ಗೇರುಸೊಪ್ಪದ ದಾರಿಯ ಊರುಗಳಲ್ಲಿ ಮೀನು ಮಾರುವುದು ಅವಳ ಕಸುಬು. "ಬಂಗಡೆ ತಾಜಾನೇ ಹೌದನೇ?" ಎಂದು ಯಾರಾದರೂ ಕೇಳಿದರೆ ಬುಟ್ಟಿ ಇಳಿಸುವ ಮೊದಲೇ ಉತ್ತರ ಬರುತ್ತಿತ್ತು. "ನಮ್ ವೆಂಕಟ್ರಮಣನ ಬೋಟಿಂದು. ಹಳತು ಹೇಳಿ ಕಂಡ್ರೆ ಬುಟ್ಟಿನೇ ನಿಮ್ಮನೇಲಿ ಬಿಟ್ಟು ಹೋಗ್ತೆ."

ವೆಂಕಟ್ರಮಣ ಅವಳ ತಮ್ಮ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು ಅವಳೇ. ಖಲಾಸಿಯಾಗಿ ಬೋಟು ಹತ್ತಿದವನು ಈಗ ಭಟ್ಕಳ ಬಂದರಿನ ಒಂದು ದೊಡ್ಡ ಸುತ್ತುಬಲೆಯ ಪರ್ಸಿನ್ ಬೋಟಿಗೆ ತಾಂಡೇಲ. ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವುದು ಅವನ ಹಕ್ಕು. ನೀರಿನ ಬಣ್ಣ ನೋಡಿಯೇ ತಾರ್ಲೆ ಮೀನಿನ ಹಿಂಡು ಗುರುತಿಸುತ್ತಾನೆಂದು ಬಂದರಿನಲ್ಲೆಲ್ಲ ಹೆಸರು. ಮದುವೆಯಾಗಿರಲಿಲ್ಲ. ಬಂದರಿನ ಹತ್ತಿರದ ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಮಾತ್ರ ಅಕ್ಕನ ಮನೆಗೆ ಬರುತ್ತಿದ್ದ.

ಆ ವರ್ಷವೂ ಜೂನ್ ಮೊದಲ ವಾರ ಬಂದ. ಅಂಗಳದಲ್ಲಿ ನಿಂತವನನ್ನು ಕಮಲಿ ಅರೆಗಳಿಗೆ ಗುರುತಿಸಲಿಲ್ಲ. ಅಂಗಿಯೊಳಗೆ ಮೈಯೇ ಇರಲಿಲ್ಲ. ಕೆನ್ನೆ ಗುಳಿಬಿದ್ದಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂದು ಕಂಬ ಹಿಡಿದು ನಿಂತ.

"ಯಾವಾಗಿಂದ ಇದು ತಮಾ?"

"ಐಸಿನ ಥಂಡಿಗೆ ಆದ ಕೆಮ್ಮು ಅಕ್ಕಾ. ಅಂಗಡಿ ಔಷಧ ಕುಡೀತಾ ಇದ್ದೆ. ಹೋಗ್ತದೆ."

ಕಮಲಿಗೆ ಆ ಕೆಮ್ಮಿನ ಗುರುತಿತ್ತು. ಅವಳ ಗಂಡ ಲಿಂಗಪ್ಪ ಹೀಗೆಯೇ ಕೆಮ್ಮಿದ್ದ. ಟಿಬಿ ಎಂದು ಮಾತ್ರೆ ಕೊಟ್ಟಿದ್ದರು. ಎರಡು ತಿಂಗಳು ನುಂಗುವಷ್ಟರಲ್ಲಿ ಜ್ವರ ಬಿಟ್ಟು, ಹಸಿವೆ ಮರಳಿ, ಮುಖಕ್ಕೆ ಕಳೆ ಬಂದಿತ್ತು. "ಗುಣ ಆತು" ಎಂದವನೇ ಮಾತ್ರೆ ಬಿಟ್ಟು ಮಲ್ಪೆಯ ಬೋಟಿಗೆ ಹೋದ. ಅಲ್ಲಿ ಕುಡಿತ ಮತ್ತೆ ಜೊತೆಯಾಯಿತು. ಮುಂದಿನ ಮಳೆಗಾಲಕ್ಕೆ ಅವನನ್ನು ಇಬ್ಬರು ಹೊತ್ತು ತಂದರು. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆಯೇ ಕಮಲಿ ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಸುಪ್ರಿಯಾ ಕುಮಟಾ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಕಫ, ರಕ್ತ, ಎಕ್ಸರೇ ಎಲ್ಲ ಆದ ಮೇಲೆ ಅಕ್ಕತಮ್ಮರಿಬ್ಬರನ್ನೂ ಎದುರು ಕೂರಿಸಿಕೊಂಡು ನೇರವಾಗಿ ಹೇಳಿದರು.

"ಟಿಬಿ ಇದೆ. ಟಿಬಿಗೆ ಒಳ್ಳೇ ಮದ್ದೂ ಇದೆ. ನನಗೆ ಹೆದರಿಕೆ ಟಿಬಿದು ಒಂದೇ ಅಲ್ಲ ಅಕ್ಕಾ. ಮೈಯಲ್ಲಿ ಮಾಂಸ ಇಲ್ಲ, ತೂಕ ಇಷ್ಟು ಇಳಿದಿದೆ. ಸಕ್ಕರೆ ಕಾಯಿಲೆ ಇದೆ, ಅದು ಇವರಿಗೆ ಗೊತ್ತೇ ಇರಲಿಲ್ಲ. ಕುಡಿತ ಬೇರೆ. ಬಂದಿದ್ದೂ ತಡ. ಇವೆಲ್ಲ ಒಟ್ಟು ಸೇರಿದವರನ್ನೇ ನಾವು ಕಳಕೊಳ್ಳೋದು, ಅದೂ ಮೊದಲ ಎರಡು ತಿಂಗಳಲ್ಲೇ ಹೆಚ್ಚು. ಸ್ವಲ್ಪ ದಿನ ಇಲ್ಲೇ ಅಡ್ಮಿಟ್ ಆಗಲಿ."

"ಮಾತ್ರೆ ಕೊಡಿ ಸಾಕು, ಮನೇಲೇ ತಿಂತೆ," ಎಂದು ವೆಂಕಟ್ರಮಣ ಎದ್ದು ನಿಂತ.

ಕಮಲಿ ಅವನ ರಟ್ಟೆ ಹಿಡಿದು ಕೂರಿಸಿದಳು. "ಬೋಟಲ್ಲಿ ನೀ ತಾಂಡೇಲ. ಇಲ್ಲಿ ಇವ್ರು ತಾಂಡೇಲ್ರು. ಇವ್ರು ಹೇಳಿದ್ ದಿಕ್ಕಿಗೆ ಹೋಗೂದು, ಆತು?"

ಸುಪ್ರಿಯಾ ನಕ್ಕರು. ವೆಂಕಟ್ರಮಣ ನಗಲಿಲ್ಲ, ಆದರೆ ಕೂತ.

ಜ್ವರ ಇಳಿದು ಸಕ್ಕರೆ ಹತೋಟಿಗೆ ಬಂದ ಮೇಲೆ ಅವನನ್ನು ಮನೆಗೆ ಕಳಿಸಿದರು. ಅಲ್ಲಿಂದ ಕಮಲಿಯ ಸರದಿ. ತೂಕ ಏರಬೇಕು, ಸಕ್ಕರೆ ಏರಬಾರದು. ಗಂಜಿ ಬಡಿಸಿ ಹೊಟ್ಟೆ ತುಂಬಿಸಿಯೇ ಗೊತ್ತಿದ್ದವಳಿಗೆ ಇದು ಹೊಸ ಲೆಕ್ಕ. ಆಸ್ಪತ್ರೆಯಲ್ಲಿ ಹೇಳಿಸಿಕೊಂಡು ಬಂದಂತೆ ಅನ್ನ ಕಡಿಮೆ ಮಾಡಿ ಹೆಸರುಕಾಳು, ಮೊಟ್ಟೆ, ಸೊಪ್ಪು ಹೆಚ್ಚಿಸಿದಳು. ಮಳೆಗಾಲದಲ್ಲಿ ಕಡಲ ಮೀನು ಎಲ್ಲಿಂದ ಬರಬೇಕು? ಮಳೆ ಬಿಟ್ಟ ಹೊತ್ತು ನೋಡಿ ಶರಾವತಿಯ ಇಳಿತದಲ್ಲಿ ಮೊಣಕಾಲುದ್ದ ಕೆಸರಿಗಿಳಿದು ಬಳಚು ಹೆಕ್ಕಿ ತಂದು, ಚಿಪ್ಪು ಬಿಡಿಸಿ ಪಲ್ಯ ಮಾಡಿ ಹಾಕಿದಳು. ಮಾತ್ರೆ ನುಂಗಿ ಹೊಟ್ಟೆ ತೊಳಸಿದ ದಿನ ಅವನು ತಟ್ಟೆ ದೂಡುತ್ತಿದ್ದ. ಅವಳು ಸುಮ್ಮನೆ ಎತ್ತಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಂದಿಡುತ್ತಿದ್ದಳು.

ಕುಡಿತ ಬಿಡುವುದು ಇದಕ್ಕಿಂತ ಕಷ್ಟವಿತ್ತು. ಕೈ ನಡುಗುತ್ತಿತ್ತು, ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. "ಒಂದ್ ಗ್ಲಾಸು ಕುಡಿದ್ರೆ ಸಾಯ್ತ್ನೇನೆ?" ಎಂದು ಒಮ್ಮೆ ಕೂಗಾಡಿದ. "ನೀ ಸಾಯ್ತೆ. ನಾ ಒಬ್ಬನ್ನ ನೋಡಿದ್ದೆ," ಎಂದಳು ಕಮಲಿ. ಅದಕ್ಕೂ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದಳು, ಅದಕ್ಕೂ ಮದ್ದು ಕೊಟ್ಟರು. ತನ್ನ ಎದೆಯ ಎಕ್ಸರೇಯನ್ನೂ ಮಾಡಿಸಿಕೊಂಡಳು. ಏನೂ ಇರಲಿಲ್ಲ.

ವೆಂಕಟ್ರಮಣ ಒಂದೇ ಒಂದು ಮಾತು ಕೇಳಿಕೊಂಡಿದ್ದ. ಟಿಬಿ ಎಂದು ಯಾರಿಗೂ ಹೇಳಬಾರದು. ಕೇರಿಯವರು ವಿಚಾರಿಸಿದಾಗ ಕಮಲಿ "ಸಕ್ಕರೆ ಕಾಯಿಲೆ" ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಜುಲೈ ಮುಗಿಯುವ ಹೊತ್ತಿಗೆ ಅವನ ಮುಖ ತುಂಬಿಕೊಂಡಿತು. ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗಿಳಿಯುತ್ತವೆ. ಅದರ ಹಿಂದಿನ ದಿನ ಕಮಲಿ ಪೇಟೆಯಿಂದ ಬಂದು ನೋಡಿದರೆ ತಮ್ಮನೂ ಇಲ್ಲ, ಅವನ ಬ್ಯಾಗೂ ಇಲ್ಲ. ಮಾತ್ರೆಗಳು ಮಾತ್ರ ಗೋಡೆಯ ಗೂಡಿನಲ್ಲಿ ಇಟ್ಟಲ್ಲೇ ಇದ್ದವು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಮಾತ್ರೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮರುದಿನದ ಮೊದಲ ಬಸ್ಸಿಗೇ ಭಟ್ಕಳಕ್ಕೆ ಹೊರಟಳು.

ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಲೆ ಏರಿಸುವವರು, ಐಸು ತುಂಬುವವರು, ಬೋಟಿನ ಮೂತಿಗೆ ಹೂವಿನ ಹಾರ ಕಟ್ಟುವವರು. ವೆಂಕಟ್ರಮಣ ಬೋಟಿನ ಮೇಲೆ ನಿಂತು ಕೆಲಸ ಹೇಳುತ್ತಿದ್ದ, ಖಲಾಸಿಗಳು ಅವನ ಮಾತಿಗೆ ಓಡಾಡುತ್ತಿದ್ದರು. ಅವನನ್ನು ಹಾಗೆ ನೋಡುವುದೆಂದರೆ ಕಮಲಿಗೆ ಎಂದೂ ಕಣ್ಣು ತುಂಬುವ ಸಂಗತಿ. ಆ ಹೊತ್ತಿನಲ್ಲೂ ಹಾಗೆಯೇ ಆಯಿತು. ಅವಳನ್ನು ಕಂಡದ್ದೇ ಅವನು ಇಳಿದು ಬಂದು ಐಸ್ ಫ್ಯಾಕ್ಟರಿಯ ಗೋಡೆಯ ಮರೆಗೆ ಕರೆದೊಯ್ದ.

"ಎಂತಕ್ಕೆ ಬಂದೆ? ನಂಗೆ ಗುಣ ಆಗ್ಯದೆ ಅಕ್ಕಾ."

"ನಿನ್ ಭಾವನೂ ಇದೇ ಮಾತು ಹೇಳಿ ಹೋದ್ದು."

ಅವನು ನೆಲ ನೋಡಿದ. "ಮಾತ್ರೆ ತಂದ್ರೆ ಬೋಟಲ್ಲಿ ಕೇಳ್ತರು. ಟಿಬಿ ಹೇಳಿ ಗೊತ್ತಾದ್ರೆ ಯಾರು ನನ್ ಸಂಗ್ತಿಗೆ ಉಣ್ತರು? ಯಾರು ನನ್ ಮಾತು ಕೇಳ್ತರು?"

"ನೀ ಬೋಟು ಹತ್ತಿದ ಲಾಗಾಯ್ತು ನಿನ್ನ ಹೆಸರು ಹೇಳ್ಕಂಡು ಮೀನು ಮಾರಿದವ್ಳು ನಾನು," ಎಂದಳು ಕಮಲಿ. "ಗಾಳಿ ಬಂದಾಗ ಅಡಗಿ ಕೂತ ತಾಂಡೇಲ ಹೇಳಿ ಮಾತ್ರ ನಂಗೆ ಹೇಳೂಕೆ ಆಗೂದಿಲ್ಲ. ನಾನಂತೂ ಯಾರ ಕೂಡೆನೂ ಬಾಯಿ ಬಿಡೂದಿಲ್ಲ. ಹೇಳೂದಾದ್ರೆ ನೀನೇ ಹೇಳು. ಇಲ್ದಿದ್ರೆ ಈಗ್ಲೇ ಮನಿಗೆ ನಡಿ." ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಅವನ ಕೈಗಿಟ್ಟಳು.

ವೆಂಕಟ್ರಮಣ ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಬೋಟಿನ ಕಡೆ ನಡೆದ. ಕಮಲಿ ಹಿಂದೆ ಹೋಗಲಿಲ್ಲ, ನಿಂತಲ್ಲಿಂದಲೇ ಕೇಳಿಸಿಕೊಂಡಳು. ಬೋಟಿನ ಮಾಲಕ ಶ್ರೀಧರ ಸಾವ್ಕಾರ್ರು ಪೂಜೆಗೆ ಕಾಯಿ ಹಿಡಿದು ನಿಂತಿದ್ದರು.

"ಸಾವ್ಕಾರ್ರೇ, ಎಲ್ಲರೂ ಕೇಳಿ. ನಂಗೆ ಟಿಬಿ ಆಗ್ಯದೆ. ಮದ್ದು ನಡೀತಾ ಅದೆ. ಪೂರ್ತಿ ಮುಗಿಸದೆ, ಡಾಕ್ಟ್ರು ಹೂಂ ಹೇಳದೆ ನಾ ಬೋಟು ಹತ್ತೂದಿಲ್ಲ. ಹೆಚ್ಚು ಕೆಮ್ಮು ಇದ್ದಾಗ ನಾನು ನಿಮ್ ಸಂಗ್ತಿಗೇ ಇದ್ದೆ. ನೀವೂ ಒಂದ್ಸಲ ತೋರಿಸ್ಕಳಿ."

ಒಬ್ಬಿಬ್ಬರು ಹಿಂದೆ ಸರಿದರು. ಆಗ ಬೋಟಿನಲ್ಲಿ ಅಡುಗೆ ಮಾಡುವ ಚೌಡ ಸೌಟು ಹಿಡಿದೇ ಮುಂದೆ ಬಂದ.

"ನಂಗೂ ಒಂದು ತಿಂಗ್ಳಿಂದ ಕೆಮ್ಮು ತಾಂಡೇಲ್ರೇ. ಕೆಲಸ ಹೋಗ್ತದೆ ಹೇಳಿ ಬಾಯಿ ಬಿಡ್ಲಿಲ್ಲ."

ಶ್ರೀಧರ ಸಾವ್ಕಾರ್ರು ಕಾಯಿ ಕೆಳಗಿಟ್ಟರು. "ಯಾರ ಕೆಲಸನೂ ಹೋಗೂದಿಲ್ಲ," ಎಂದರು. "ಎಲ್ಲರದ್ದೂ ತಪಾಸಣೆ ಆಗ್ಲಿ, ಬೋಟು ಆಮೇಲೆ ಹೋಗ್ಲಿ."

ಉಳಿದ ಬೋಟುಗಳು ಕಡಲಿಗಿಳಿದವು, ಆ ಬೋಟು ಮಾತ್ರ ದಡದಲ್ಲಿ ಉಳಿಯಿತು. ತಪಾಸಣೆಯಲ್ಲಿ ಚೌಡನಿಗೆ ಟಿಬಿ ಇರುವುದು ಗೊತ್ತಾಯಿತು. ಆದರೆ ಬೇಗ ಬಂದಿದ್ದ, ಮೈಯಿನ್ನೂ ಗಟ್ಟಿಯಿತ್ತು. ಉಳಿದವರಿಗೆ ಏನೂ ಇರಲಿಲ್ಲ. ವೆಂಕಟ್ರಮಣನ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. "ನಿಮ್ಮಿಂದ ಈಗ ಯಾರಿಗೂ ಹರಡೋದಿಲ್ಲ," ಎಂದರು ಸುಪ್ರಿಯಾ. "ಆದ್ರೆ ಮಾತ್ರೆ ಬಿಡೋ ಹಾಗಿಲ್ಲ, ಇನ್ನೂ ತೂಕ ಏರ್ಬೇಕು." ಬೇರೊಬ್ಬ ಬೋಟು ನಡೆಸಿದ. ವೆಂಕಟ್ರಮಣ ದಡದಲ್ಲಿ ಕೂತು ಹರಿದ ಬಲೆ ಸರಿಮಾಡುತ್ತ, ಚೌಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಇಬ್ಬರೂ ಒಟ್ಟಿಗೆ ಮಾತ್ರೆ ನುಂಗಿದರು.

ದೀಪಾವಳಿ ಕಳೆದು, ಚಳಿ ಬೀಳುವ ಹೊತ್ತಿಗೆ ಡಾಕ್ಟರು ಮದ್ದು ಮುಗಿಯಿತೆಂದರು. ಅವನು ಮತ್ತೆ ಬೋಟು ಹತ್ತಿದ ದಿನ ಬಂದರಿನ ಅಷ್ಟೂ ಜನರ ನಡುವೆ ಕಮಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. "ಎದೆ ಹುಷಾರು ಆತನಾ ತಾಂಡೇಲ್ರದ್ದು?" ಎಂದು ಯಾರೋ ಕೇಳಿದರು. "ಟಿಬಿ ಆಗಿತ್ತು, ಗೆದ್ದ," ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಸಂಜೆ ಬೋಟು ಅಂಚಿನವರೆಗೆ ತುಂಬಿ ಬಂತು.

ಹೋದ ತಿಂಗಳು ಹಿರೇಗುತ್ತಿಯಿಂದ ಕರೆ ಬಂತು. ಲಿಂಗಪ್ಪನ ಸಂಬಂಧಿಕನೊಬ್ಬ ಟಿಬಿ ಮಾತ್ರೆ ಬಿಟ್ಟು ಕುಡಿಯುತ್ತ ಕೂತಿದ್ದಾನೆ, ಮನೆಯವರ ಮಾತು ಕೇಳುತ್ತಿಲ್ಲ ಎಂದು. ಅಕ್ಕತಮ್ಮ ಇಬ್ಬರೂ ಹೋದರು. ಆ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿದ್ದ. ಕಮಲಿ ಬಾಯಿ ತೆರೆಯುವ ಮೊದಲೇ ವೆಂಕಟ್ರಮಣ ಚಾಪೆಯ ಅಂಚಿಗೆ ಕೂತು, ತನ್ನ ಮೈ ಎಷ್ಟು ಇಳಿದಿತ್ತು, ಕೈ ಹೇಗೆ ನಡುಗುತ್ತಿತ್ತು, ಮಾತ್ರೆ ಬಿಟ್ಟು ಓಡಿಹೋದದ್ದು, ಎಲ್ಲವನ್ನೂ ಹೇಳತೊಡಗಿದ. ಕೇಳುತ್ತ ಕೇಳುತ್ತ ಆ ಮನುಷ್ಯ ಈಚೆ ಹೊರಳಿದ. ಕಮಲಿ ಒಳಗೆ ಹೋಗಿ, ತಂದಿದ್ದ ಬಂಗಡೆ ತೊಳೆದು, ಆ ಮನೆಯ ಒಲೆಯ ಮೇಲೆ ಸಾರಿಗಿಟ್ಟಳು.