ಪಾಸ್‌ಪೋರ್ಟ್ ಕಾಯುವ ಕೊಗ್ಗ

ಎದುರಿಗೆ ಸಿಕ್ಕರೆ ನಾನು ಕೊಗ್ಗಣ್ಣ ಎನ್ನುತ್ತೇನೆ. ಇಲ್ಲಿ ಅವನಿಲ್ಲ, ಬರೀ ಕೊಗ್ಗ ಸಾಕು. ಮಸ್ಕತ್ತಿನ ವಾದಿ ಕಬೀರ್‌ನಲ್ಲಿ ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ಕಂಪನಿಯಲ್ಲಿ ಅವನು ಆಫೀಸಿನವನು, ನಾನು ಕ್ಯಾಸ್ಮಿರ್, ಸ್ಟೋರ್‌ಕೀಪರ್. ಹತ್ತೊಂಬತ್ತು ವರ್ಷದಿಂದ ಎದುರುಬದುರು ಮನೆ, ಕೆಲಸಕ್ಕೆ ಹೋಗುವುದೂ ಒಂದೇ ಕಾರಿನಲ್ಲಿ. ಒಬ್ಬ ಮನುಷ್ಯನ ಮೇಲೆ ಹೇಸಿಗೆ ಹುಟ್ಟಲು ಅಷ್ಟು ಸಾಕು.

ಕೊಗ್ಗನ ಉದ್ಯೋಗ ಕಬ್ಬಿಣದ ಕಪಾಟು ಕಾಯುವುದು. ಅದರೊಳಗೆ ನೂರ ನಲವತ್ತು ಕೆಲಸಗಾರರ ಪಾಸ್‌ಪೋರ್ಟುಗಳಿವೆ. ಹಾಗೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಅದಕ್ಕೇ ಅವನು 'ನಾನಾಗಿಯೇ ಇಷ್ಟಪಟ್ಟು ಕೊಟ್ಟಿದ್ದೇನೆ' ಎಂಬ ಕಾಗದಕ್ಕೆ ಎಲ್ಲರಿಂದ ಸಹಿ ಹಾಕಿಸಿಕೊಂಡಿದ್ದಾನೆ. ಊರಿಗೆ ಹೊರಟವನು ಅರ್ಜಿ ಬರೆಯಬೇಕು, ಇನ್ನೊಬ್ಬ ಕೆಲಸಗಾರನನ್ನು ಜಾಮೀನು ನಿಲ್ಲಿಸಬೇಕು. ಹೋದವನು ವಾಪಸ್ ಬರುವವರೆಗೆ ಜಾಮೀನು ನಿಂತವನ ಪಾಸ್‌ಪೋರ್ಟ್ ಕಪಾಟು ಬಿಟ್ಟು ಹೊರಬರುವುದಿಲ್ಲ. ಕೊನೆಗೆ ರಿಜಿಸ್ಟರಿನಲ್ಲಿ ಸಾಕ್ಷಿಯಾಗಿ ನನ್ನ ಸಹಿ. ಅರಬ ಯಜಮಾನ ರಜೆ ಕೊಟ್ಟ ಮೇಲೂ ಕೊಗ್ಗ ನಾಲ್ಕು ದಿನ ಸತಾಯಿಸುತ್ತಾನೆ. ದೇವರು ಕೊಟ್ಟರೂ ಪೂಜಾರಿ ಕೊಡ. ವೆಲ್ಡರ್ ಶರ್ಫುದ್ದೀನ್ ಹೆಂಡತಿಯ ಹೆರಿಗೆಗೆಂದು ಅರ್ಜಿ ಹಾಕಿದ್ದ. ಜಾಮೀನು ಸಿಕ್ಕಿ ಊರು ಮುಟ್ಟುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು.

ಇದೇ ಕೊಗ್ಗ ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಾರ್ಕಳದಿಂದ ಒಮಾನಿನ ಇಬ್ರಿ ಊರಿನ ಅಂಗಡಿಯೊಂದಕ್ಕೆ ಬಂದವನು. ಅಲ್ಲಿ ವೀಸಾ ಕೊಟ್ಟ ಧಣಿ, ಅಂದರೆ ಕಫೀಲ್, ಇವನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ಮೂರು ವರ್ಷ ಊರಿಗೆ ಬಿಡಲಿಲ್ಲ. ಒಬ್ಬಳೇ ತಂಗಿಯ ಮದುವೆ ತಪ್ಪಿಹೋಯಿತು. ಪ್ರತಿ ದೀಪಾವಳಿಗೂ ನಮ್ಮನ್ನೆಲ್ಲ ಕೂರಿಸಿಕೊಂಡು ಕಣ್ಣೊರೆಸುತ್ತ ಈ ಕಥೆ ಹೇಳುತ್ತಾನೆ. ಮರುದಿನ ಸೊಂಟದ ದಾರಕ್ಕೆ ಕಟ್ಟಿದ ಕೀಲಿಕೈ ತಡವಿಕೊಳ್ಳುತ್ತ ಆಫೀಸಿಗೆ ಬರುತ್ತಾನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಕಷ್ಟಪಟ್ಟವನಿಗೆ ಕರುಣೆ ಬರುತ್ತದೆ ಎಂದು ಯಾರು ಹೇಳಿದರೋ ಗೊತ್ತಿಲ್ಲ, ಕೊಗ್ಗನಿಗೆ ಬಂದದ್ದು ಬೀಗ ಹಾಕುವ ವಿದ್ಯೆ ಮಾತ್ರ.

ಮನೆಯಲ್ಲೂ ಅದೇ ವಿದ್ಯೆ. ಮಗಳು ಅಕ್ಷಿತಾ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ಕೆಲಸ ಕೊಟ್ಟವರು ಕಾಗದಪತ್ರ ಮುಗಿದ ದಿನವೇ ಪಾಸ್‌ಪೋರ್ಟ್ ವಾಪಸ್ ಕೊಟ್ಟಿದ್ದರು. ಕೊಗ್ಗ ಅದನ್ನು 'ಜಾಗ್ರತೆಗೆ' ಎಂದು ಇಸಿದುಕೊಂಡು ತನ್ನ ಡ್ರಾಯರಿನೊಳಗೆ ಹಾಕಿ ಬೀಗ ಜಡಿದ.

ಕಳೆದ ವರ್ಷ ಅವಳು ಆಸ್ಟ್ರೇಲಿಯಾದ ವೀಸಾ ಲಾಟರಿಗೆ ಹೆಸರು ಕೊಟ್ಟಳು. ಮೂವತ್ತೊಂದು ತುಂಬದವರು ಒಂದು ವರ್ಷ ಅಲ್ಲಿದ್ದು ದೇಶ ಸುತ್ತಬಹುದು, ಖರ್ಚಿಗೆ ಸಿಕ್ಕಿದ ಕೆಲಸ ಮಾಡಬಹುದು. ರಾಶಿ ಅರ್ಜಿಗಳ ನಡುವೆ ಇವಳ ಹೆಸರು ಎದ್ದುಬಂತು. ಎರಡು ತಿಂಗಳು ಕಳೆದರೆ ಅವಳಿಗೆ ಮೂವತ್ತೊಂದು; ಇನ್ನೊಂದು ಸಲ ಹೆಸರು ಕೊಡುವಂತಿಲ್ಲ. ಫೋನಿನಲ್ಲಿದ್ದ ಪಾಸ್‌ಪೋರ್ಟಿನ ಫೋಟೋ ಇಟ್ಟುಕೊಂಡೇ ಅರ್ಜಿ ತುಂಬಿದಳು. ಆದರೆ ಬೆರಳಚ್ಚು ಕೊಡಲು ಅಸಲಿ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು, ಅದಕ್ಕೆ ಹದಿನಾಲ್ಕು ದಿನದ ಗಡುವು. ಕೊಗ್ಗ ದಿನಾ 'ನಾಳೆ ನೋಡುವ' ಎಂದ.

ಕಾರಿನಲ್ಲಿ ನನಗೆ ಉಪನ್ಯಾಸ. "ವರ್ಕಿಂಗ್ ಹಾಲಿಡೇ ಅಂತೆ ಮಾರಾಯ್ರೆ! ಕೆಲಸ ಆದ್ರೆ ಕೆಲಸ, ರಜೆ ಆದ್ರೆ ರಜೆ. ಕಫೀಲ್ ಇಲ್ಲ, ಕಂಪನಿ ಇಲ್ಲ, ಹೇಳುವವರು ಕೇಳುವವರು ಇಲ್ಲ. ಅಂಥ ವೀಸಾ ಲೋಕದಲ್ಲಿ ಉಂಟಾ?"

ಹೇಳುವವರು ಕೇಳುವವರು ಇಲ್ಲದ ಒಂದು ವರ್ಷವೇ ಆ ಹುಡುಗಿಗೆ ಬೇಕಾಗಿದ್ದದ್ದು. ನನಗೆ ಅದು ಗೊತ್ತಿತ್ತು. "ಹೌದೌದು ಕೊಗ್ಗಣ್ಣ" ಎಂದೆ.

ಹನ್ನೆರಡನೆಯ ದಿನ ಸಂಜೆ ನನ್ನನ್ನು ಮನೆಗೆ ಕರೆದ. ಹೋಗಿ ನೋಡಿದರೆ ಊಟದ ಮೇಜಿನ ಮೇಲೆ ಆಫೀಸಿನ ರಿಜಿಸ್ಟರ್! ಅಕ್ಷಿತಾ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು.

"ಪಪ್ಪ, ಇನ್ನು ಎರಡೇ ದಿನ. ಪ್ಲೀಸ್."

"ಕೊಡುದಿಲ್ಲ ಅಂತ ಹೇಳಿದ್ನಾ ನಾನು? ರೂಲ್ ಎಲ್ಲರಿಗೂ ಒಂದೇ. ಜಾಮೀನಿಗೆ ಜನ ತಾ. ಸಾಕ್ಷಿಗೆ ಕ್ಯಾಸ್ಮಿರ್ ಬಂದಾಯ್ತು."

ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದ. ಇವನ ಕೈಯಲ್ಲಿ ಪಾಸ್‌ಪೋರ್ಟ್ ಇಟ್ಟು ಇವನ ಮಗಳಿಗೆ ಜಾಮೀನು ನಿಲ್ಲುವ ಹುಚ್ಚ ಯಾರೂ ಇಲ್ಲ ಎಂಬ ಧೈರ್ಯ ಅವನದು. ಅಕ್ಷಿತಾ ನನ್ನ ಮುಖ ನೋಡಿದಳು. ನಾನು ರಿಜಿಸ್ಟರ್ ನೋಡಿದೆ.

ಕೊಗ್ಗನ ಹೆಂಡತಿ ಲೋಲಾಕ್ಷಿಯಕ್ಕ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. "ಜಾಮೀನು ನಾನು ನಿಲ್ತೇನೆ."

ಕೊಗ್ಗ ನಕ್ಕುಬಿಟ್ಟ. "ನಿನ್ನ ಪಾಸ್‌ಪೋರ್ಟ್ ಇಡ್ಬೇಕಾಗ್ತದೆ, ಗೊತ್ತುಂಟಾ?"

"ಅದು ಒಳಗೇ ಉಂಟಲ್ಲ" ಎಂದರು ಅವರು. "ಮದುವೆಯಾಗಿ ಇಲ್ಲಿಗೆ ಬಂದ ದಿನ ಏರ್‌ಪೋರ್ಟಲ್ಲೇ ನೀವು ಕೈಯಿಂದ ತಗೊಂಡದ್ದು. ಮೂವತ್ತೆರಡು ವರ್ಷ ಆಯ್ತು."

ಈಗಲಾದರೂ ಇವನಿಗೆ ನಾಚಿಕೆಯಾಗಬಹುದು ಎಂದುಕೊಂಡೆ. ಎಲ್ಲಿಯ ನಾಚಿಕೆ! ಪೆನ್ನಿನ ಮುಚ್ಚಳ ತೆಗೆದು 'ಜಾಮೀನು: ಲೋಲಾಕ್ಷಿ, ಸಂಬಂಧ: ಪತ್ನಿ' ಎಂದು ದುಂಡಗಿನ ಅಕ್ಷರದಲ್ಲಿ ಬರೆದ. ತನ್ನ ರೂಲಿಗೆ ತಾನೇ ಸಿಕ್ಕಿಬಿದ್ದಿದ್ದ, ಬೇರೆ ದಾರಿ ಇರಲಿಲ್ಲ. ಒಳಗೆ ಹೋಗಿ ಡ್ರಾಯರ್ ತೆಗೆದು ಮಗಳ ಪಾಸ್‌ಪೋರ್ಟ್ ತಂದು ಮೇಜಿನ ಮೇಲೆ ಎಸೆದ. ಅಕ್ಷಿತಾ ಅದನ್ನು ಎದೆಗವಚಿಕೊಂಡು ಅಮ್ಮನನ್ನೇ ನೋಡುತ್ತ ನಿಂತಳು.

"ನನ್ನನ್ನು ಎಂತ ನೋಡುದು? ನಾಳೆ ಬೆಳಿಗ್ಗೆಯೇ ಹೋಗಿ ಬೆರಳು ಒತ್ತಿ ಬಾ" ಎಂದರು ಲೋಲಾಕ್ಷಿಯಕ್ಕ.

ವಾಪಸ್ ಬರುವ ತಾರೀಕಿನ ಜಾಗದಲ್ಲಿ ಕೊಗ್ಗ 'ಒಂದು ವರ್ಷ' ಎಂದು ಬರೆದ. ಲೋಲಾಕ್ಷಿಯಕ್ಕ ಅವನ ಭುಜದ ಮೇಲಿಂದ ಬಗ್ಗಿ ಓದಿದರು. ಅಂಗಡಿಯಲ್ಲಿ ಸೀರೆಗೆ ಕ್ರಯ ಕೇಳುವಷ್ಟೇ ಸಲೀಸಾಗಿ ಕೇಳಿದರು:

"ಇವಳು ಬಂದ ಮೇಲೆ ನನ್ನನ್ನು ಬಿಡ್ತೀರಾ?"

ಕೊಗ್ಗ ರಿಜಿಸ್ಟರನ್ನು ನನ್ನ ಕಡೆಗೆ ತಳ್ಳಿ, "ಸಹಿ ಹಾಕಿ ಮಾರಾಯ್ರೆ, ಖಲಾಸ್" ಎಂದ.

ಅವರಿಬ್ಬರೂ, ತಾಯಿ ಮಗಳು, ನನ್ನನ್ನು ನೋಡುತ್ತಿದ್ದರು. ಒಂದು ಮಾತು ಆಡಬೇಕಾಗಿತ್ತು, ನಾಲಿಗೆಯ ತುದಿಗೆ ಬಂದೂ ಇತ್ತು. ನನ್ನ ಪಾಸ್‌ಪೋರ್ಟೂ ಆಫೀಸಿನ ಆ ಕಪಾಟಿನಲ್ಲೇ ಇದೆ. ನಾನು ಸಹಿ ಹಾಕಿದೆ.